ಕರುಳಿನ ಉರಿಯೂತ ಮತ್ತು ‘ಶಕ್ತಿ’ ಎಂಬ ಪದದ ತೊಡಕು

ನನಗೆ ಕ್ರೋನ್ಸ್ ಕಾಯಿಲೆಯಿದೆ ಎಂದು ಗೊತ್ತಾಗಿ 11 ವರ್ಷಗಳಾದವು. ಈ ಅವಧಿಯಲ್ಲಿ ಹಿತೈಷಿಗಳಿಂದ ನಾನು ಅತಿ ಹೆಚ್ಚು ಬಾರಿ ಕೇಳಿಸಿಕೊಂಡ ಸಲಹೆ ಎಂದರೆ ‘ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳಿ, ಎಲ್ಲ ಸರಿಹೋಗುತ್ತದೆ’ ಎಂಬುದು. ನನ್ನ ವೈದ್ಯರು ಬರೆದುಕೊಡುವ ಔಷಧಿಯಾದರೋ ಅದೇ ಶಕ್ತಿಯನ್ನು ತಗ್ಗಿಸುವಂಥದ್ದು. ಮೊದಮೊದಲು ನಾನು ‘ನನ್ನಲ್ಲಿ ಅದು ಕಡಿಮೆಯಾಗಿಲ್ಲ, ಅತಿಯಾಗಿದೆ’ ಎಂದು ಉತ್ತರಿಸಿ ಮಾತು ಮುಗಿಸುತ್ತಿದ್ದೆ. ವರ್ಷಗಳು ಕಳೆದು, ಈ ಕಾಯಿಲೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಹೋದ ಮೇಲೆ, ನನ್ನ ಆ ಉತ್ತರವೂ ಅವರ ಸಲಹೆಯಷ್ಟೇ ತಪ್ಪಾಗಿತ್ತು ಎಂಬುದು ನಿಧಾನವಾಗಿ ಅರಿವಿಗೆ ಬಂತು.

ತೊಡಕು ಇರುವುದು ನಾವು ಬಳಸುವ ಪದದಲ್ಲೇ. ‘ಶಕ್ತಿ’ ಎಂದೊಡನೆ ಅದಕ್ಕೆ ಒಂದು ಅಳತೆಯಿದೆ, ಅದು ಹೆಚ್ಚು ಅಥವಾ ಕಡಿಮೆ ಇರುತ್ತದೆ, ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ಭಾವನೆ ತಾನಾಗಿಯೇ ಬಂದುಬಿಡುತ್ತದೆ. ಆದರೆ ಕರುಳಿನ ಗೋಡೆಯಲ್ಲಿ ನಡೆಯುತ್ತಿರುವುದು ಜೀವಕೋಶಗಳ ನಡುವಿನ ಸಂದೇಶಗಳ ವಿನಿಮಯ. ಅಲ್ಲಿ ಯಾವ ಸಂದೇಶ ಯಾವ ಕೋಶಕ್ಕೆ ತಲುಪಿತು, ಎಷ್ಟು ಹೊತ್ತು ಉಳಿಯಿತು, ಅದನ್ನು ನಿಲ್ಲಿಸಬೇಕಾದವರು ನಿಲ್ಲಿಸಿದರೇ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಇದಕ್ಕೆ ಹೊಂದುವ ಪದವೊಂದು ನಮ್ಮಲ್ಲೇ ಇದೆ, ‘ಹದ’. ಹದ ತಪ್ಪುವುದು ಅತಿಯಾಗಿಯೂ ಆಗಬಹುದು, ಕೊರೆಯಾಗಿಯೂ ಆಗಬಹುದು. ಒಂದೇ ದೇಹದಲ್ಲಿ ಎರಡೂ ಒಟ್ಟಿಗೇ ಆಗಬಹುದು ಎಂಬುದೇ ಈ ಕಾಯಿಲೆಯ ವಿಚಿತ್ರ.

ಕಾಯಿಲೆಯ ಪರಿಚಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಕರುಳಿನ ಉರಿಯೂತ ಕಾಯಿಲೆ ಎಂಬ ಹೆಸರಿನಡಿ ಮುಖ್ಯವಾಗಿ ಎರಡು ರೋಗಗಳಿವೆ. ಅಲ್ಸರೇಟಿವ್ ಕೊಲೈಟಿಸ್ ಗುದನಾಳದಿಂದ ಆರಂಭಿಸಿ ದೊಡ್ಡ ಕರುಳಿನಲ್ಲಿ ಮೇಲ್ಮುಖವಾಗಿ ಎಡೆಬಿಡದೆ ಹಬ್ಬುತ್ತದೆ ಮತ್ತು ಬಹುಮಟ್ಟಿಗೆ ಒಳಪದರದಲ್ಲೇ ಉಳಿಯುತ್ತದೆ. ಕ್ರೋನ್ಸ್ ಕಾಯಿಲೆ ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ, ನಡುನಡುವೆ ಆರೋಗ್ಯವಂತ ಭಾಗಗಳನ್ನು ಬಿಟ್ಟು ಕಾಣಿಸಿಕೊಂಡು, ಕರುಳಿನ ಗೋಡೆಯ ಎಲ್ಲ ಪದರಗಳನ್ನೂ ದಾಟಬಲ್ಲದು. ನ್ಯೂಯಾರ್ಕ್‌ನ ಮೌಂಟ್ ಸೈನಾಯ್ ಆಸ್ಪತ್ರೆಯ ಬರಿಲ್ ಕ್ರೋನ್, ಲಿಯಾನ್ ಗಿನ್ಸ್‌ಬರ್ಗ್ ಮತ್ತು ಗಾರ್ಡನ್ ಓಪನ್‌ಹೈಮರ್ 1932ರಲ್ಲಿ ಇದನ್ನು ಪ್ರತ್ಯೇಕ ರೋಗವೆಂದು ವಿವರಿಸಿದರು. ಲೇಖಕರ ಹೆಸರುಗಳನ್ನು ವರ್ಣಮಾಲೆಯ ಕ್ರಮದಲ್ಲಿ ಬರೆದದ್ದರಿಂದ ಮೊದಲ ಹೆಸರೇ ಕಾಯಿಲೆಗೆ ಅಂಟಿಕೊಂಡಿತು.

ದೇಹವು ತನ್ನ ಮೇಲೆ ತಾನೇ ದಾಳಿ ಮಾಡುವ ರೋಗಗಳನ್ನು ವಿವರಿಸುವಾಗ ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂಬ ಗಾದೆಯನ್ನು ಬಳಸುವುದುಂಟು. ನಾನೂ ಬಳಸಿದ್ದೇನೆ. ಆದರೆ ಈ ಕಾಯಿಲೆಗೆ ಅದು ಸರಿಯಾಗಿ ಹೊಂದುವುದಿಲ್ಲ. ಇಲ್ಲಿ ಪ್ರತಿರಕ್ಷಣಾ ವ್ಯವಸ್ಥೆಯ ಮುಖ್ಯ ಗುರಿ ದೇಹದ ಸ್ವಂತ ಅಂಗಾಂಶವಲ್ಲ. ಕರುಳಿನಲ್ಲಿ ಸಹಜವಾಗಿ ವಾಸಿಸುವ ಬ್ಯಾಕ್ಟೀರಿಯಾಗಳು. ನಿರಪಾಯಕಾರಿಯಾದ ನೆರೆಯವರನ್ನು ಕಂಡು ಎಬ್ಬಿಸಿದ ಗಲಾಟೆಯಲ್ಲಿ ಮನೆಯ ಗೋಡೆ ಬೀಳುತ್ತದೆ, ಬಿದ್ದ ಗೋಡೆಯ ಮೂಲಕ ನೆರೆಯವರು ನಿಜಕ್ಕೂ ಒಳನುಗ್ಗುತ್ತಾರೆ, ಆಗ ಗಲಾಟೆಗೆ ಸಮರ್ಥನೆಯೂ ಸಿಕ್ಕಿಬಿಡುತ್ತದೆ.

ಆರೋಗ್ಯವಂತ ಕರುಳು ಈ ಗಲಾಟೆಯನ್ನು ಹೇಗೆ ತಪ್ಪಿಸುತ್ತದೆ ಎಂಬುದೇ ನನಗೆ ಅತ್ಯಂತ ಬೆರಗು ಹುಟ್ಟಿಸುವ ಸಂಗತಿ. ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳನ್ನೂ ನಮ್ಮ ಅಂಗಾಂಶವನ್ನೂ ಬೇರ್ಪಡಿಸುವುದು ಲೋಳೆಯ ಹೊದಿಕೆ ಮತ್ತು ಅದರ ಕೆಳಗೆ ಒಂದೇ ಒಂದು ಕೋಶದಷ್ಟು ದಪ್ಪದ ಪದರ. ಆ ಪದರದ ಬಹುತೇಕ ಕೋಶಗಳು 3ರಿಂದ 5 ದಿನಗಳಲ್ಲಿ ಉದುರಿ, ಅವುಗಳ ಜಾಗಕ್ಕೆ ಹೊಸವು ಬರುತ್ತವೆ. ಅದರ ಅಡಿಯಲ್ಲಿ ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳು ಕಾವಲಿರುತ್ತವೆ. ದೇಹದ ಬೇರೆಡೆಯ ಭಕ್ಷಕ ಕೋಶ ಬ್ಯಾಕ್ಟೀರಿಯಾವನ್ನು ನುಂಗಿದೊಡನೆ ಸೈಟೊಕೈನ್‌ಗಳೆಂಬ ರಾಸಾಯನಿಕ ಸಂದೇಶಗಳನ್ನು ಸುರಿಸಿ ಸುತ್ತಲಿನವರನ್ನೆಲ್ಲ ಎಬ್ಬಿಸುತ್ತದೆ. ಕರುಳಿನ ಭಕ್ಷಕ ಕೋಶಗಳು ಹಾಗೆ ಮಾಡುವುದಿಲ್ಲ ಎಂಬುದನ್ನು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಮಾನವ ಅಂಗಾಂಶದಲ್ಲೇ ತೋರಿಸಿತು. ಅವು ನುಂಗುತ್ತವೆ, ಕೊಲ್ಲುತ್ತವೆ, ಆದರೆ ಕೂಗುವುದಿಲ್ಲ. ಇದನ್ನು ದುರ್ಬಲತೆ ಎನ್ನಲಾಗದು, ಶಕ್ತಿಯ ಅತಿರೇಕವೆಂದೂ ಹೇಳಲಾಗದು.

ಈ ಮೌನದ ಒಳಗಿನ ಯಂತ್ರಾಂಗವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬ್ಯಾಕ್ಟೀರಿಯಾದ ಗುರುತನ್ನು ಹಿಡಿಯುವ ಟೋಲ್ ಮಾದರಿಯ ಗ್ರಾಹಕಗಳೆಂಬ (ರಿಸೆಪ್ಟರ್) ಪ್ರೋಟೀನ್‌ಗಳು ಕೋಶದ ಮೈಮೇಲೂ ಒಳಗಿನ ಕೋಶಿಕೆಗಳಲ್ಲೂ ಇರುತ್ತವೆ. ಅವು ಎಚ್ಚೆತ್ತಾಗ ಕೋಶದ ಒಳಗೆ ಸರಪಳಿಯಂತೆ ಸಾಗುವ ಸಂಕೇತವು ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನ್ ಅನ್ನು ತಲುಪುತ್ತದೆ. ಸಾಮಾನ್ಯ ಸ್ಥಿತಿಯಲ್ಲಿ ಈ ಪ್ರೋಟೀನ್ ಅನ್ನು ಐ-ಕಪ್ಪಾ-ಬಿ ಎಂಬ ಇನ್ನೊಂದು ಪ್ರೋಟೀನ್ ಕೋಶಕೇಂದ್ರದ ಹೊರಗೇ ಹಿಡಿದಿಟ್ಟಿರುತ್ತದೆ. ಸಂಕೇತ ಬಂದಾಗ ಐ-ಕಪ್ಪಾ-ಬಿ ನಾಶವಾಗುತ್ತದೆ, ಬಿಡುಗಡೆಯಾದ ಎನ್‌ಎಫ್-ಕಪ್ಪಾ-ಬಿ ಕೋಶಕೇಂದ್ರವನ್ನು ಹೊಕ್ಕು ಉರಿಯೂತಕ್ಕೆ ಬೇಕಾದ ನೂರಾರು ಜೀನ್‌ಗಳನ್ನು ಚಾಲೂ ಮಾಡುತ್ತದೆ. ಇಲ್ಲಿಯವರೆಗಿನ ಕತೆ ಶಕ್ತಿಯ ಕತೆಯಂತೆಯೇ ಇದೆ. ಆದರೆ ಅದು ಚಾಲೂ ಮಾಡುವ ಜೀನ್‌ಗಳಲ್ಲಿ ಐ-ಕಪ್ಪಾ-ಬಿಯ ಜೀನೂ ಒಂದು. ಅಂದರೆ ತನ್ನನ್ನು ಮತ್ತೆ ಕಟ್ಟಿಹಾಕುವ ಹಗ್ಗವನ್ನು ಅದೇ ಹೊಸೆಯುತ್ತದೆ.

ಅದು ಚಾಲೂ ಮಾಡುವ ಇನ್ನೊಂದು ಜೀನ್ ಎ20. ಸಂಕೇತ ಸಾಗುವ ದಾರಿಯ ಪ್ರೋಟೀನ್‌ಗಳ ಮೇಲೆ ಯುಬಿಕ್ವಿಟಿನ್ ಎಂಬ ಪುಟ್ಟ ಅಣುವಿನ ಸರಗಳು ಕೂಡಿಕೊಂಡಿರುತ್ತವೆ. ಕೆಲವು ಬಗೆಯ ಸರ ‘ಸಂದೇಶ ಮುಂದುವರಿಯಲಿ’ ಎಂದು ಹೇಳಿದರೆ ಇನ್ನೊಂದು ಬಗೆಯದು ‘ಈ ಪ್ರೋಟೀನ್ ಅನ್ನು ವಿಲೇವಾರಿ ಮಾಡಿ’ ಎಂದು ಹೇಳುತ್ತದೆ. ಎ20 ಮೊದಲನೆಯದನ್ನು ಕತ್ತರಿಸಿ ಎರಡನೆಯದನ್ನು ಅಂಟಿಸಬಲ್ಲದು. ಎ20 ಇಲ್ಲದ ಇಲಿಗಳು ಹಲವು ಅಂಗಗಳ ತೀವ್ರ ಉರಿಯೂತದಿಂದ ಸೊರಗಿ ಎಳೆವಯಸ್ಸಿನಲ್ಲೇ ಸಾಯುತ್ತವೆ ಎಂಬುದನ್ನು ಶಿಕಾಗೊ ವಿಶ್ವವಿದ್ಯಾಲಯದ ತಂಡ 2000ದಲ್ಲಿ ವರದಿ ಮಾಡಿತು. ಅವುಗಳಿಗೆ ಯಾವ ಸೋಂಕೂ ತಗುಲಿರಲಿಲ್ಲ. ಪ್ರತಿಜೈವಿಕಗಳಿಂದ ಕರುಳಿನ ಬ್ಯಾಕ್ಟೀರಿಯಾಗಳನ್ನು ತಗ್ಗಿಸಿದರೆ ಉರಿಯೂತವೂ ತಗ್ಗುತ್ತದೆ ಎಂಬುದು ಮುಂದೆ ತಿಳಿದಾಗ, ಆ ಸಾವಿಗೆ ಕಾರಣವಾದ ಸಂಕೇತಗಳು ಪ್ರತಿದಿನವೂ ಎಲ್ಲರ ಕರುಳಿನಿಂದಲೂ ಹೊರಡುವಂಥವೇ ಎಂಬುದು ಸ್ಪಷ್ಟವಾಯಿತು. ನಮ್ಮೆಲ್ಲರಲ್ಲೂ ಗಂಟೆ ಸದಾ ಬಾರಿಸುತ್ತಲೇ ಇರುತ್ತದೆ, ಯಾರೋ ಅದನ್ನು ಸದಾ ಹಿಡಿದು ನಿಲ್ಲಿಸುತ್ತಲೂ ಇರುತ್ತಾರೆ.

ಹಾಗಿದ್ದರೆ ಎನ್‌ಎಫ್-ಕಪ್ಪಾ-ಬಿಯನ್ನೇ ಪೂರ್ತಿ ನಿಲ್ಲಿಸಿಬಿಟ್ಟರೆ ಕಾಯಿಲೆ ಗುಣವಾಗಬೇಕಲ್ಲವೇ? ನಾನೂ ಹಾಗೆಯೇ ಯೋಚಿಸಿದ್ದೆ. 2007ರಲ್ಲಿ ವಿಜ್ಞಾನಿಗಳು ಇಲಿಗಳ ಕರುಳಿನ ಹೊದಿಕೆಯ ಕೋಶಗಳಲ್ಲಿ ಮಾತ್ರ ಈ ಸಂಕೇತಕ್ಕೆ ಅಗತ್ಯವಾದ ನೀಮೊ ಎಂಬ ಪ್ರೋಟೀನ್ ಅನ್ನು ತೆಗೆದುಹಾಕಿದಾಗ, ಆ ಇಲಿಗಳಿಗೆ ತಾನಾಗಿಯೇ ತೀವ್ರವಾದ ಕರುಳಿನ ಉರಿಯೂತ ಬಂತು. ಸಂಕೇತವಿಲ್ಲದ ಹೊದಿಕೆಯ ಕೋಶಗಳು ಸಾಯತೊಡಗಿದವು, ಪದರ ಹರಿಯಿತು, ಬ್ಯಾಕ್ಟೀರಿಯಾಗಳು ಒಳಸೇರಿದವು. ಅದಕ್ಕೂ ಮೊದಲೇ, 2004ರಲ್ಲಿ, ಟೋಲ್ ಗ್ರಾಹಕಗಳ ಸಂದೇಶ ಸಾಗಿಸುವ ಮೈಡಿ88 ಎಂಬ ಪ್ರೋಟೀನ್ ಇಲ್ಲದ ಇಲಿಗಳಲ್ಲಿ ಕರುಳಿಗೆ ಗಾಯವಾದರೆ ಅದು ಮಾಯದೆ ಉಲ್ಬಣಿಸುತ್ತದೆ ಎಂಬುದು ಕಂಡುಬಂದಿತ್ತು. ಬ್ಯಾಕ್ಟೀರಿಯಾಗಳ ಸದ್ದು ಕೇಳಿಸುತ್ತಿದ್ದರೆ ಮಾತ್ರ ಹೊದಿಕೆಯ ಕೋಶಗಳು ತಮ್ಮ ದುರಸ್ತಿ ಮಾಡಿಕೊಳ್ಳುತ್ತವೆ. ಹೀಗೆ ಒಂದೇ ಸಂಕೇತ ಭಕ್ಷಕ ಕೋಶದಲ್ಲಿ ಉರಿಯೂತದ ಆಜ್ಞೆಯಾಗಿ, ಹೊದಿಕೆಯ ಕೋಶದಲ್ಲಿ ಬದುಕಿ ಉಳಿಯುವ ಆಜ್ಞೆಯಾಗಿ ಕೆಲಸ ಮಾಡುತ್ತದೆ. ಇದನ್ನು ಓದಿದ ದಿನ ‘ಅತಿಯಾಗಿದೆ’ ಎಂಬ ನನ್ನ ಸಿದ್ಧ ಉತ್ತರವನ್ನು ಕೈಬಿಟ್ಟೆ.

ಮಾನವರಲ್ಲಿ ಈ ಒಗಟು ಮೊದಲು ಕಾಣಿಸಿಕೊಂಡದ್ದು 2001ರಲ್ಲಿ. ಕ್ರೋನ್ಸ್ ಕಾಯಿಲೆಗೆ ಸಂಬಂಧಿಸಿದ ಮೊದಲ ಜೀನ್ ಆಗಿ 16ನೆಯ ವರ್ಣತಂತುವಿನಲ್ಲಿರುವ ನಾಡ್2 ಪತ್ತೆಯಾಯಿತು. ಎರಡು ತಂಡಗಳು ಅದನ್ನು ಒಂದೇ ಹೊತ್ತಿಗೆ ಪ್ರಕಟಿಸಿದವು. ನಾಡ್2 ಕೋಶದ ಒಳಗಿದ್ದು ಬ್ಯಾಕ್ಟೀರಿಯಾದ ಕೋಶಭಿತ್ತಿಯ ತುಣುಕನ್ನು ಗುರುತಿಸಿ ಎನ್‌ಎಫ್-ಕಪ್ಪಾ-ಬಿಯನ್ನು ಎಚ್ಚರಿಸುವ ಪ್ರೋಟೀನ್. ರೋಗಿಗಳಲ್ಲಿ ಕಂಡ ರೂಪಾಂತರಗಳು ಇದನ್ನು ಚುರುಕುಗೊಳಿಸಿರಬೇಕೆಂದು ಯಾರಾದರೂ ಊಹಿಸುತ್ತಾರೆ. ನಿಜದಲ್ಲಿ ಅವು ಇದನ್ನು ಮಂದಗೊಳಿಸಿದ್ದವು. ಉರಿಯೂತವನ್ನು ಎಬ್ಬಿಸುವ ಗ್ರಾಹಕ ಕೆಟ್ಟರೆ ಉರಿಯೂತ ಹೆಚ್ಚುವುದು ಹೇಗೆ? ಇದಕ್ಕೆ ಒಂದಕ್ಕಿಂತ ಹೆಚ್ಚು ವಿವರಣೆಗಳಿವೆ, ಅವು ಪರಸ್ಪರ ವಿರುದ್ಧವೂ ಅಲ್ಲ. ಸಣ್ಣ ಕರುಳಿನ ಪ್ಯಾನೆತ್ ಕೋಶಗಳು ಸ್ರವಿಸುವ ಬ್ಯಾಕ್ಟೀರಿಯಾ ನಿರೋಧಕ ಪ್ರೋಟೀನ್‌ಗಳು ಇಂಥ ರೋಗಿಗಳಲ್ಲಿ ಕಡಿಮೆಯಿರುತ್ತವೆ ಎಂಬುದು ಒಂದು. ಕೋಶದೊಳಗೆ ಸಿಕ್ಕ ಬ್ಯಾಕ್ಟೀರಿಯಾವನ್ನು ಆಟೊಫಜಿ ಎಂಬ ಸ್ವಚ್ಛತಾ ವ್ಯವಸ್ಥೆಗೆ ಒಪ್ಪಿಸುವ ಕೆಲಸ ನಿಲ್ಲುತ್ತದೆ ಎಂಬುದು ಇನ್ನೊಂದು; ಅದೇ ವ್ಯವಸ್ಥೆಯ ಎಟಿಜಿ16ಎಲ್1 ಎಂಬ ಜೀನಿಗೂ ಈ ಕಾಯಿಲೆಗೂ ನಂಟಿರುವುದು 2007ರಲ್ಲಿ ಗೊತ್ತಾಯಿತು. ನನಗೆ ಹೆಚ್ಚು ಹಿಡಿಸಿದ್ದು ಮೂರನೆಯದು. ನಾಡ್2 ಮತ್ತೆ ಮತ್ತೆ ಪ್ರಚೋದನೆಗೊಂಡಾಗ ಕೋಶವು ಕ್ರಮೇಣ ಬ್ಯಾಕ್ಟೀರಿಯಾಗಳ ಇತರ ಸಂಕೇತಗಳಿಗೂ ಕಡಿಮೆ ಪ್ರತಿಕ್ರಿಯಿಸುವುದನ್ನು ಕಲಿಯುತ್ತದೆ. ನಾಡ್2 ಕೆಟ್ಟವರ ಕೋಶಗಳಿಗೆ ಈ ಪಾಠ ಹತ್ತುವುದಿಲ್ಲ. ಜಪಾನಿನ ರೋಗಿಗಳಲ್ಲಿ ಈ ಪ್ರಸಿದ್ಧ ರೂಪಾಂತರಗಳು ಕಂಡುಬರಲೇ ಇಲ್ಲ ಎಂಬುದನ್ನೂ, ರೂಪಾಂತರವಿದ್ದವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಬರುವುದೇ ಇಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು. ಒಂದೇ ಜೀನಿನ ಮೇಲೆ ಇಡೀ ರೋಗದ ಹೊಣೆ ಹೊರಿಸಲು ಬರುವುದಿಲ್ಲ.

ಒಂದೇ ಜೀನ್ ಸಾಕಾಗುವ ಉದಾಹರಣೆಯೂ ಇದೆ, ಅದು ಮನಸ್ಸನ್ನು ಕಲಕುವಂಥದ್ದು. ಇಂಟರ್‌ಲ್ಯೂಕಿನ್-10 ಎಂಬ ಸೈಟೊಕೈನ್ ‘ಸಾಕು ನಿಲ್ಲಿಸಿ’ ಎಂದು ಹೇಳುವ ಸಂದೇಶ. ಕರುಳಿನ ಭಕ್ಷಕ ಕೋಶಗಳ ಮೌನಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಇದಿಲ್ಲದ ಇಲಿಗಳಿಗೆ ಕರುಳಿನ ಉರಿಯೂತ ಬರುತ್ತದೆ ಎಂಬುದು 1993ರಲ್ಲಿ ತಿಳಿಯಿತು. ಅಂಥ ಇಲಿಗಳನ್ನು ಬ್ಯಾಕ್ಟೀರಿಯಾಗಳೇ ಇಲ್ಲದ ಪರಿಸರದಲ್ಲಿ ಬೆಳೆಸಿದರೆ ಬರುವುದಿಲ್ಲ ಎಂಬುದು 1998ರಲ್ಲಿ ತಿಳಿಯಿತು. 2009ರಲ್ಲಿ ಜರ್ಮನಿಯ ಹ್ಯಾನೋವರ್‌ನ ವೈದ್ಯರು ನೇತೃತ್ವ ವಹಿಸಿದ್ದ ತಂಡವೊಂದು ಹುಟ್ಟಿದ ಮೊದಲ ವರ್ಷದಲ್ಲೇ ಭೀಕರ ಕರುಳಿನ ಉರಿಯೂತಕ್ಕೆ ತುತ್ತಾದ ಮಕ್ಕಳಲ್ಲಿ ಈ ಸಂದೇಶದ ಗ್ರಾಹಕದ ಜೀನ್‌ಗಳು ಕೆಟ್ಟಿರುವುದನ್ನು ಕಂಡುಹಿಡಿಯಿತು. ಅವರ ದೇಹದಲ್ಲಿ ‘ನಿಲ್ಲಿಸಿ’ ಎಂಬ ಸಂದೇಶ ಹೊರಡುತ್ತಿತ್ತು, ಆದರೆ ಕೇಳಿಸಿಕೊಳ್ಳುವ ಕಿವಿ ಇರಲಿಲ್ಲ. ಯಾವ ಔಷಧಿಗೂ ಬಗ್ಗದ ಆ ರೋಗ ಒಂದು ಮಗುವಿನಲ್ಲಿ ರಕ್ತದ ಆಕರಕೋಶಗಳ (ಸ್ಟೆಮ್ ಸೆಲ್) ಕಸಿಯಿಂದ ಶಮನವಾಯಿತು. ಕಿವಿಯಿರುವ ಹೊಸ ಕೋಶಗಳು ಬಂದವು ಎಂದು ಬೇಕಾದರೆ ಹೇಳಬಹುದು.

ಇಷ್ಟು ಸ್ಪಷ್ಟವಾದ ಕತೆಯನ್ನು ಓದಿದ ಯಾರಿಗಾದರೂ ಇಂಟರ್‌ಲ್ಯೂಕಿನ್-10 ಅನ್ನೇ ಚುಚ್ಚುಮದ್ದಾಗಿ ಕೊಡಬಹುದಲ್ಲ ಎನ್ನಿಸುತ್ತದೆ. ಆ ಯತ್ನವಾಗಿ, 2000ದ ಹೊತ್ತಿಗೆ ಕ್ರೋನ್ಸ್ ರೋಗಿಗಳ ಮೇಲಿನ ಪರೀಕ್ಷೆಗಳ ಫಲಿತಾಂಶವೂ ಬಂದಿತ್ತು. ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ಚರ್ಮದಡಿ ಕೊಟ್ಟ ಪ್ರೋಟೀನ್ ಕರುಳಿನ ಗೋಡೆಗೆ ಸಾಕಷ್ಟು ತಲುಪಲಿಲ್ಲ ಎಂಬುದು ಒಂದು ಕಾರಣವಿರಬಹುದು. ಪ್ರಮಾಣ ಹೆಚ್ಚಿಸಿದಾಗ ಅದು ಉರಿಯೂತವನ್ನು ಪ್ರಚೋದಿಸುವ ಇಂಟರ್‌ಫೆರಾನ್-ಗಾಮಾವನ್ನೇ ಏರಿಸಿತು ಎಂಬುದು ಮತ್ತೊಂದು ಸಂಗತಿ. ಮನೆಯ ಒಂದು ಕೋಣೆಯಲ್ಲಿ ಪಿಸುಮಾತಿನಲ್ಲಿ ಹೇಳಬೇಕಾದದ್ದನ್ನು ಊರಿಗೆಲ್ಲ ಡಂಗುರ ಸಾರಿದರೆ ಅರ್ಥವೇ ಬದಲಾಗುತ್ತದೆ.

ನನ್ನ ಸ್ವಂತ ಔಷಧಿಯಾದ ಇನ್‌ಫ್ಲಿಕ್ಸಿಮ್ಯಾಬ್ ಟಿಎನ್‌ಎಫ್ ಎಂಬ ಸೈಟೊಕೈನ್ ಅನ್ನು ಹಿಡಿದು ನಿಷ್ಕ್ರಿಯಗೊಳಿಸುವ ಪ್ರತಿಕಾಯ. ಗೆಡ್ಡೆಗಳನ್ನು ಕೊಲ್ಲುವ ವಸ್ತುವೆಂದು 1975ರಲ್ಲಿ ಹೆಸರು ಪಡೆದ ಟಿಎನ್‌ಎಫ್ ಕೊನೆಗೆ ಉರಿಯೂತದ ಮುಖ್ಯ ಸಂದೇಶವಾಹಕನೆಂದು ಗುರುತಾದದ್ದು ಬೇರೆಯೇ ಕತೆ. 1993ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕ್ರೋನ್ಸ್ ಇದ್ದ ಬಾಲಕಿಯೊಬ್ಬಳಿಗೆ ಇಂಥ ಪ್ರತಿಕಾಯ ಕೊಟ್ಟ ವರದಿ ಪ್ರಕಟವಾಯಿತು, 1998ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ದೊರೆಯಿತು. ಎಟಾನರ್ಸೆಪ್ಟ್ ಎಂಬ ಇನ್ನೊಂದು ಔಷಧಿಯೂ ಟಿಎನ್‌ಎಫ್ ಅನ್ನೇ ಹಿಡಿಯುತ್ತದೆ ಮತ್ತು ಸಂಧಿವಾತದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ 2001ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದು ಕ್ರೋನ್ಸ್ ಕಾಯಿಲೆಗೆ ಪ್ರಯೋಜನಕ್ಕೆ ಬರಲಿಲ್ಲ. ಟಿಎನ್‌ಎಫ್ ರಕ್ತದಲ್ಲಿ ಕರಗಿಯೂ ಇರುತ್ತದೆ, ಕೋಶದ ಪೊರೆಗೆ ಅಂಟಿಕೊಂಡೂ ಇರುತ್ತದೆ. ಪೊರೆಯ ಮೇಲಿನ ಟಿಎನ್‌ಎಫ್‌ಗೆ ಇನ್‌ಫ್ಲಿಕ್ಸಿಮ್ಯಾಬ್ ಬಿಗಿಯಾಗಿ ಅಂಟಿದಾಗ ಉರಿಯೂತದ ಟಿ ಕೋಶಗಳೆಂಬ ಬಿಳಿ ರಕ್ತಕಣಗಳು ಸಾಯುತ್ತವೆ ಎಂಬುದು ಈ ವ್ಯತ್ಯಾಸಕ್ಕೆ ಕೊಡಲಾಗುವ ಪ್ರಮುಖ ವಿವರಣೆ. ಸಂದೇಶವನ್ನು ಒರೆಸಿಹಾಕುವುದು ಸಾಲದು, ಅದನ್ನು ಹೊತ್ತುನಿಂತ ಕೋಶವನ್ನೂ ವಿಚಾರಿಸಿಕೊಳ್ಳಬೇಕು.

ಔಷಧಿ ಆರಂಭಿಸುವ ಮೊದಲು ನನ್ನ ಎದೆಯ ಎಕ್ಸ್‌ರೇ ತೆಗೆದು ಕ್ಷಯದ ಪರೀಕ್ಷೆ ಮಾಡಿದ್ದರು. ಕರುಳಿನ ರೋಗಕ್ಕೂ ಶ್ವಾಸಕೋಶಕ್ಕೂ ಏನು ಸಂಬಂಧವೆಂದು ಆಗ ನನಗೆ ಅರ್ಥವಾಗಿರಲಿಲ್ಲ. ಹಿಂದೆಂದೋ ದೇಹ ಸೇರಿದ ಕ್ಷಯದ ಬ್ಯಾಕ್ಟೀರಿಯಾಗಳನ್ನು ಭಕ್ಷಕ ಕೋಶಗಳು ಸುತ್ತುವರಿದು ಬಂಧಿಸಿಟ್ಟಿರುತ್ತವೆ, ಆ ಬಂಧನವನ್ನು ಬಿಗಿಯಾಗಿಡುವುದು ಟಿಎನ್‌ಎಫ್. ಇನ್‌ಫ್ಲಿಕ್ಸಿಮ್ಯಾಬ್ ಪಡೆದವರಲ್ಲಿ ಕ್ಷಯ ಕಾಣಿಸಿಕೊಂಡ 70 ಪ್ರಕರಣಗಳ ವಿವರ 2001ರಲ್ಲಿ ಪ್ರಕಟವಾದ ನಂತರ ಈ ತಪಾಸಣೆ ಕಡ್ಡಾಯದಂತಾಯಿತು. ನನ್ನ ಕರುಳಿನಲ್ಲಿ ಹಾನಿ ಮಾಡುತ್ತಿದ್ದ ಅದೇ ಅಣು ಶ್ವಾಸಕೋಶದಲ್ಲಿ ಕಾವಲು ಕಾಯುತ್ತಿದ್ದಿರಬಹುದು.

ಪಾಠ ಕಲಿಸಿದ ಸೋಲುಗಳಲ್ಲಿ ದೊಡ್ಡದು ಇಂಟರ್‌ಲ್ಯೂಕಿನ್-17 ಎಂಬ ಇನ್ನೊಂದು ಸೈಟೊಕೈನ್ ಅನ್ನು ತಡೆಯಲು ಹೋದದ್ದು. 2006ರಲ್ಲಿ ಇಂಟರ್‌ಲ್ಯೂಕಿನ್-23ರ ಗ್ರಾಹಕದ ಜೀನಿನಲ್ಲಿ ಅಪರೂಪದ ರೂಪಾಂತರವೊಂದು ಪತ್ತೆಯಾಯಿತು. ಅದು ಇದ್ದವರಿಗೆ ಕ್ರೋನ್ಸ್ ಬರುವ ಸಾಧ್ಯತೆ ಕಡಿಮೆ. ಸಂಕೇತ ಸ್ವಲ್ಪ ತಗ್ಗಿದರೆ ರಕ್ಷಣೆ ಸಿಗುತ್ತದೆ ಎಂದು ನಿಸರ್ಗವೇ ನಡೆಸಿದ ಪ್ರಯೋಗವಿದು. ಇಂಟರ್‌ಲ್ಯೂಕಿನ್-23 ಪೋಷಿಸುವ ಟಿ ಕೋಶಗಳು ಇಂಟರ್‌ಲ್ಯೂಕಿನ್-17 ಅನ್ನು ಸ್ರವಿಸುತ್ತವೆ, ಆದ್ದರಿಂದ ಅದನ್ನೇ ತಡೆದರೆ ಗುರಿ ಇನ್ನಷ್ಟು ನಿಖರವಾಗುತ್ತದೆ ಎಂಬುದು ಸಹಜ ತರ್ಕ. ಆ ಕೆಲಸ ಮಾಡುವ ಸೆಕುಕಿನುಮ್ಯಾಬ್ ಸೋರಿಯಾಸಿಸ್ ಎಂಬ ಚರ್ಮರೋಗದಲ್ಲಿ ಅದ್ಭುತವಾಗಿ ಫಲಿಸಿದೆ. ಕ್ರೋನ್ಸ್ ರೋಗಿಗಳಲ್ಲಿ ಮಾತ್ರ, 2012ರ ವರದಿಯ ಪ್ರಕಾರ, ಅದು ನಿಷ್ಪ್ರಯೋಜಕವಾಗಿತ್ತಲ್ಲದೆ ಕೆಲವರ ಸ್ಥಿತಿಯನ್ನು ಹದಗೆಡಿಸಿತು. ಕರುಳಿನ ಹೊದಿಕೆಯ ಕೋಶಗಳ ನಡುವಿನ ಬೆಸುಗೆಯನ್ನು ಬಲವಾಗಿಡುವುದು ಇದೇ ಇಂಟರ್‌ಲ್ಯೂಕಿನ್-17 ಎಂಬುದೂ, ಗಾಯವಾದಾಗ ಇಂಟರ್‌ಲ್ಯೂಕಿನ್-23ರ ಹಂಗಿಲ್ಲದೆಯೇ ಅದು ತಯಾರಾಗಬಲ್ಲದು ಎಂಬುದೂ ಇಲಿಗಳಲ್ಲಿ ನಂತರ ತಿಳಿಯಿತು. ಇಂದು ಇಂಟರ್‌ಲ್ಯೂಕಿನ್-23 ಅನ್ನು ತಡೆಯುವ ಔಷಧಿಗಳು ಬಳಕೆಯಲ್ಲಿವೆ. ರಿಸಾಂಕಿಜುಮ್ಯಾಬ್‌ಗೆ 2022ರಲ್ಲಿ ಕ್ರೋನ್ಸ್‌ಗಾಗಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಒಂದೇ ದಾರಿಯಲ್ಲಿ ಒಂದು ಹೆಜ್ಜೆ ಹಿಂದೆ ತಡೆದರೆ ಔಷಧಿ, ಒಂದು ಹೆಜ್ಜೆ ಮುಂದೆ ತಡೆದರೆ ಅಪಾಯ.

ಒಂದೊಂದು ಸೈಟೊಕೈನ್ ಅನ್ನು ಹಿಡಿಯುವುದರ ಬದಲು ಹಲವು ಸೈಟೊಕೈನ್‌ಗಳ ಸಂದೇಶ ಹಾಯುವ ಜ್ಯಾಕ್ ಕಿಣ್ವಗಳನ್ನು ತಡೆಯುವ ಮಾತ್ರೆಗಳೂ ಬಂದಿವೆ. 2018ರಲ್ಲಿ ಟೊಫಾಸಿಟಿನಿಬ್‌ಗೆ ಅಲ್ಸರೇಟಿವ್ ಕೊಲೈಟಿಸ್‌ಗಾಗಿ ಅನುಮತಿ ಸಿಕ್ಕಿತು. ಈ ಕಿಣ್ವಗಳಿಗೆ ಎರಡು ಮುಖದ ರೋಮನ್ ದೇವತೆ ಜೇನಸ್‌ನ ಹೆಸರಿಟ್ಟಿರುವುದು ಅವುಗಳ ರಚನೆಯ ಕಾರಣಕ್ಕೆ. ಆದರೆ ಇಂಟರ್‌ಲ್ಯೂಕಿನ್-10ರ ‘ನಿಲ್ಲಿಸಿ’ ಎಂಬ ಸಂದೇಶವೂ ಇದೇ ಕಿಣ್ವಗಳ ಮೂಲಕವೇ ಹಾಯುತ್ತದೆ ಎಂಬುದನ್ನು ನೆನೆದಾಗ ಹೆಸರು ಬೇರೊಂದು ಅರ್ಥದಲ್ಲೂ ಒಪ್ಪುತ್ತದೆ ಎನಿಸುತ್ತದೆ.

2024ರಲ್ಲಿ ಲಂಡನ್ನಿನ ಫ್ರಾನ್ಸಿಸ್ ಕ್ರಿಕ್ ಸಂಸ್ಥೆಯಿಂದ ಬಂದ ಸಂಶೋಧನೆಯೊಂದನ್ನು ನಾನು ಎರಡು ಬಾರಿ ಓದಿದೆ. 21ನೆಯ ವರ್ಣತಂತುವಿನಲ್ಲಿ ಜೀನ್‌ಗಳೇ ಇಲ್ಲದ ಒಂದು ಬಯಲು ಭಾಗಕ್ಕೂ ಹಲವು ಉರಿಯೂತದ ರೋಗಗಳಿಗೂ ನಂಟಿರುವುದು ಮೊದಲೇ ಗೊತ್ತಿತ್ತು, ಕಾರಣ ತಿಳಿದಿರಲಿಲ್ಲ. ಆ ಬಯಲು ದೂರದ ಇಟಿಎಸ್2 ಎಂಬ ಜೀನಿನ ಪ್ರಮಾಣವನ್ನು ನಿಯಂತ್ರಿಸುತ್ತದೆ ಎಂದೂ, ಇಟಿಎಸ್2 ಭಕ್ಷಕ ಕೋಶಗಳ ಉರಿಯೂತದ ವರ್ತನೆಯನ್ನೆಲ್ಲ ಒಟ್ಟಾಗಿ ನಡೆಸುವ ಜೀನ್ ಎಂದೂ ಆ ತಂಡ ತೋರಿಸಿತು. ಕ್ಯಾನ್ಸರ್‌ಗೆ ಬಳಸುವ ಒಂದು ಬಗೆಯ ಔಷಧಿ ಪ್ರಯೋಗಾಲಯದಲ್ಲಿ ಇದನ್ನು ತಗ್ಗಿಸಿತು. ಆದರೆ ಆ ಔಷಧಿಗಳು ಬೇರೆ ಅಂಗಗಳಿಗೆ ಹಾನಿ ಮಾಡಬಲ್ಲವು, ಆದ್ದರಿಂದ ಅವನ್ನು ಭಕ್ಷಕ ಕೋಶಗಳಿಗೆ ಮಾತ್ರ ತಲುಪಿಸುವ ದಾರಿ ಬೇಕು. ಮತ್ತದೇ ಪ್ರಶ್ನೆ: ಎಷ್ಟು ಎಂಬುದಲ್ಲ, ಎಲ್ಲಿ ಎಂಬುದು.

ಟಿಎನ್‌ಎಫ್ ತಡೆಯುವ ಔಷಧಿಗಳು ಸುಮಾರು ಮೂರನೇ ಒಂದು ಭಾಗದಷ್ಟು ರೋಗಿಗಳಲ್ಲಿ ಮೊದಲಿನಿಂದಲೇ ಕೆಲಸ ಮಾಡುವುದಿಲ್ಲ, ಇನ್ನು ಕೆಲವರಲ್ಲಿ ಕ್ರಮೇಣ ಸೋಲುತ್ತವೆ. ನಾನು ಈವರೆಗೆ ಆ ಎರಡೂ ಗುಂಪಿಗೆ ಸೇರಿಲ್ಲ. ಕೆಲವು ತಿಂಗಳಿಗೊಮ್ಮೆ ಮಲದಲ್ಲಿನ ಕ್ಯಾಲ್ಪ್ರೊಟೆಕ್ಟಿನ್ ಪರೀಕ್ಷೆ ಮಾಡಿಸುತ್ತೇನೆ. ಅದು ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳೊಳಗಿನ ಪ್ರೋಟೀನ್, ಕರುಳಿಗೆ ಅವು ಎಷ್ಟು ಬಂದು ಸೇರಿವೆ ಎಂಬುದರ ಅಂದಾಜು ಕೊಡುತ್ತದೆ. ಕಳೆದ ಬಾರಿ ಅಂಕಿ ಹಿಂದಿನದಕ್ಕಿಂತ ತುಸು ಏರಿತ್ತು. ಅವನ್ನು ಕರೆದವರು ಯಾರು, ಯಾವ ಸಂದೇಶ ಎಂದು ವೈದ್ಯರನ್ನು ಕೇಳಿದೆ. ‘ಈ ಪರೀಕ್ಷೆಯಲ್ಲಿ ಅದು ಗೊತ್ತಾಗುವುದಿಲ್ಲ’ ಎಂದರು, ಔಷಧಿಯ ಪ್ರಮಾಣ ಬದಲಿಸಲಿಲ್ಲ, ಎರಡು ತಿಂಗಳ ನಂತರ ಮತ್ತೊಮ್ಮೆ ನೋಡೋಣ ಎಂದು ಚೀಟಿಯಲ್ಲಿ ಬರೆದುಕೊಟ್ಟರು.